ಕ್ರೇನ್ ಬರಲ್ಲ, ಟರ್ಬೈನೇ ಹೋಗಬೇಕು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಪೀಟರ್‌ಹೆಡ್ ಮೊದಲಿನಿಂದಲೂ ಮೀನಿನ ಊರು. ಬ್ರಿಟನ್ನಿನ ಅತಿ ದೊಡ್ಡ ಮೀನುಗಾರಿಕೆ ಬಂದರು ಇಲ್ಲೇ ಇರೋದು. ಇಲ್ಲಿಂದ ಸುಮಾರು 25 ಕಿಲೋಮೀಟರ್ ದೂರ ಸಮುದ್ರದಲ್ಲಿ 5 ಗಾಳಿಯಂತ್ರಗಳು ನೀರಿನ ಮೇಲೆ ತೇಲುತ್ತಾ ನಿಂತಿವೆ. ಹೈವಿಂಡ್ ಸ್ಕಾಟ್ಲೆಂಡ್ ಅಂತ ಹೆಸರು. 2017ರಲ್ಲಿ ಶುರುವಾಗಿದ್ದು. ತೇಲುವ ಟರ್ಬೈನ್‌ಗಳದ್ದೇ ಒಂದು ವಿಂಡ್ ಫಾರ್ಮ್ ಅಂತ ಜಗತ್ತಿನಲ್ಲಿ ಆಗಿದ್ದು ಇದೇ ಮೊದಲು. ಸ್ವಲ್ಪ ದಕ್ಷಿಣಕ್ಕೆ ಬಂದರೆ ಅಬರ್ಡೀನ್ ಕಡೆ ಕಿನ್‌ಕಾರ್ಡಿನ್ ಅಂತ ಇನ್ನೊಂದಿದೆ. ಈ ಸೀಮೆಯಲ್ಲಿ ನಾನು ಟರ್ಬೈನ್ ಟೆಕ್ನಿಷಿಯನ್.

"ಫ್ಯಾನ್ ರಿಪೇರಿ ಮಾಡಾಕ ಅಷ್ಟ್ ದೂರ ಯಾಕ ಹೋಗ್ಬೇಕಿತ್ತಪಾ? ನಮ್ಮ ಕಪ್ಪತಗುಡ್ಡದ ಮ್ಯಾಲೆ ಇಲ್ಲೇನು?" ಅಂತ ಅವ್ವ ಕೇಳುತ್ತಾಳೆ. ಇದೆ. ನಾನು ಕೆಲಸ ಕಲಿತದ್ದೂ ಗದಗದ ಅದೇ ಗುಡ್ಡದ ಮೇಲೆ. ಅಲ್ಲಿ ಜೀಪು ಟರ್ಬೈನಿನ ಬುಡಕ್ಕೇ ಹೋಗುತ್ತೆ. ಪಾನಾ ಮರೆತರೆ ಒಬ್ಬರು ಇಳಿದು ಹೋಗಿ ತರ್ತಾರೆ. ದೊಡ್ಡ ಭಾಗ ಕೆಟ್ಟರೆ ಗುಡ್ಡದ ರಸ್ತೆ ಹಿಡಿದು ಕ್ರೇನ್ ಬರುತ್ತೆ. ಯಂತ್ರದ ಒಳಗಿನ ಕೆಲಸ ನೋಡಿದರೆ ಇಲ್ಲಿಗೂ ಅಲ್ಲಿಗೂ ಅಂಥಾ ವ್ಯತ್ಯಾಸ ಏನಿಲ್ಲ. ಗ್ರೀಸ್, ಫಿಲ್ಟರ್, ಹೈಡ್ರಾಲಿಕ್ಸ್, ಸೆನ್ಸರ್, ಬೋಲ್ಟು. ಯಂತ್ರದ ಹತ್ತಿರ ಹೋಗೋದೇ ಇಲ್ಲಿ ಅರ್ಧ ಕೆಲಸ.

ತೇಲಿಸೋದು ಯಾಕೆ ಅಂದರೆ ಆಳ. ನೀರು 60 ಮೀಟರ್ ದಾಟಿತು ಅಂದರೆ ತಳಕ್ಕೆ ಕಂಬ ಊರೋದು ವಿಪರೀತ ಖರ್ಚು. ಹೈವಿಂಡ್ ಇರುವ ಜಾಗದಲ್ಲಿ ಆಳ 100 ಮೀಟರ್ ಆಸುಪಾಸು. ಹಾಗಾಗಿ ಟವರಿನ ಕೆಳಗೆ ಉದ್ದನೆಯ ಉಕ್ಕಿನ ಕೊಳವೆ ಜೋಡಿಸಿ, ಅದರ ತಳದಲ್ಲಿ ಭಾರ ತುಂಬಿದ್ದಾರೆ. ಬಾಟಲಿಗೆ ಒಂದಿಷ್ಟು ಮರಳು ಹಾಕಿ ನೀರಿಗೆ ಬಿಟ್ಟರೆ ನೆಟ್ಟಗೆ ನಿಲ್ಲುತ್ತಲ್ಲ, ಹಾಗೆ. ನೀರಿನ ಕೆಳಗೆ 78 ಮೀಟರ್ ಇದೆ, ಮೇಲೆ ರೆಕ್ಕೆಯ ತುದಿವರೆಗೆ 175 ಮೀಟರ್. ತೇಲಿ ಹೋಗದ ಹಾಗೆ ಮೂರು ಕಡೆ ಸರಪಳಿ ಕಟ್ಟಿ ಸಮುದ್ರದ ತಳದ ಲಂಗರಿಗೆ ಬಿಗಿದಿದ್ದಾರೆ. ಸರಪಳಿ ಸವೆದಿದೆಯಾ, ಕರೆಂಟ್ ಕೇಬಲ್ ಮೇಲೆ ಚಿಪ್ಪು, ಪಾಚಿ ಎಷ್ಟು ಬೆಳೆದಿದೆ ಅನ್ನೋದನ್ನೆಲ್ಲ ನೀರೊಳಗೆ ಓಡಾಡುವ ರೋಬೋಟ್ ನೋಡಿಕೊಂಡು ಬರುತ್ತೆ. ಆ ಕೆಲಸ ನಮ್ಮದಲ್ಲ.

ನಮ್ಮದು ನೀರಿನ ಮೇಲಿನದು. ಬೆಳಗ್ಗೆ ಎದ್ದ ಕೂಡಲೇ ನೋಡೋದು ಅಲೆಯ ಎತ್ತರ. ಸಿಟಿವಿ ಅಂತ ಕರೆಯುವ ಸಣ್ಣ ಬೋಟಿನಲ್ಲಿ ಹೋಗೋದಾದರೆ ಅಲೆ ಒಂದೂವರೆ ಮೀಟರ್ ಒಳಗಿರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಅವತ್ತು ಟೀ ಕುಡಿದು ಪೇಪರ್ ಕೆಲಸ ಮಾಡೋದು, ಅಷ್ಟೇ. ದೊಡ್ಡ ಸರ್ವಿಸ್ ಹಡಗುಗಳಿಗೆ ತಾನಾಗೇ ಸಮತೋಲ ಮಾಡಿಕೊಳ್ಳುವ ಸೇತುವೆ ಇರುತ್ತೆ. ಹಡಗು ಎಷ್ಟೇ ಹೊಯ್ದಾಡಲಿ, ಸೇತುವೆಯ ತುದಿ ಮಾತ್ರ ಟವರಿಗೆ ಅಂಟಿಕೊಂಡ ಹಾಗೇ ಇರುತ್ತೆ. ಅದರ ಮೇಲೆ ನಡೆದುಕೊಂಡೇ ಹೋಗಬಹುದು, ಇನ್ನೂ ದೊಡ್ಡ ಅಲೆಯಲ್ಲೂ. ಆದರೆ ಅಂಥ ಹಡಗಿನ ಬಾಡಿಗೆ ಸಣ್ಣದಲ್ಲ.

ಸಣ್ಣ ಬೋಟಿನದೇ ಬೇರೆ ಮಜಾ. ಕ್ಯಾಪ್ಟನ್ ಬೋಟಿನ ಮೂತಿಯನ್ನು ಟವರ್ ಬುಡದ ಎರಡು ದಪ್ಪ ಪೈಪುಗಳಿಗೆ ಒತ್ತಿ ಹಿಡಿದು ಇಂಜಿನ್ ಜೋರು ಮಾಡುತ್ತಾರೆ. ರಬ್ಬರ್ ಕಿರ್ರನೆ ಕಿರುಚುತ್ತೆ. ಮೈತುಂಬ ಸರ್ವೈವಲ್ ಸೂಟು, ಅದರ ಮೇಲೆ ಲೈಫ್ ಜಾಕೆಟ್, ಹಾರ್ನೆಸ್. ಬೋಟಿನ ಹುಡುಗ ಒಂದು ಕೈಯಲ್ಲಿ ನನ್ನ ಹಾರ್ನೆಸ್ ಹಿಡಿದು, ಮೇಲಿಂದ ಇಳಿಬಿಟ್ಟ ಕೇಬಲ್ಲಿನ ಹುಕ್ ಎದೆಗೆ ಹಾಕುತ್ತಾನೆ. ನಂತರ ಕಾಯೋದು. ಒಂದು ಅಲೆ, ಎರಡು ಅಲೆ. ಬೋಟು ಅಲುಗಾಡದೆ ನಿಂತಾಗ "ಗೋ" ಅನ್ನುತ್ತಾನೆ. ಒಂದೇ ಹೆಜ್ಜೆ, ಎರಡೂ ಕೈ ಏಣಿಯ ಮೇಲೆ. ನೆಲಕ್ಕೆ ಊರಿದ ಟರ್ಬೈನ್ ಆದರೆ ಬೋಟು ಮಾತ್ರ ಅಲ್ಲಾಡುತ್ತೆ. ಇಲ್ಲಿ ಎರಡೂ ಅಲ್ಲಾಡುತ್ತವೆ, ಅದೂ ಬೇರೆ ಬೇರೆ ತಾಳದಲ್ಲಿ. ಏಣಿಯ ಕೆಳಗಿನ ಮೆಟ್ಟಿಲಿಗೆ ಪಾಚಿ, ಮೇಲಿನ ಮೆಟ್ಟಿಲಿಗೆ ಹಕ್ಕಿ ಹಿಕ್ಕೆ. ಸಮುದ್ರದ ಹಕ್ಕಿಗಳಿಗೆ ನಮ್ಮ ಪ್ಲಾಟ್‌ಫಾರ್ಮ್ ಅಂದರೆ ಪುಕ್ಕಟೆ ಲಾಡ್ಜು. ಅದನ್ನು ತಿಕ್ಕಿ ತೊಳೆಯೋದೂ ಮೇಂಟೆನೆನ್ಸ್ ಲೆಕ್ಕದಲ್ಲೇ ಬರುತ್ತೆ, ಯಾವ ಜಾಹೀರಾತಿನಲ್ಲೂ ಇದನ್ನು ತೋರಿಸಲ್ಲ!

ಟವರಿನೊಳಗೆ ಲಿಫ್ಟ್ ಇದೆ. ಮೇಲಿನ ಪೆಟ್ಟಿಗೆಯಂಥ ನಸೆಲ್ ಸುಮಾರು 100 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಗೋದು ತೇಲೋದು ಅಂದರೆ ಏನು ಅಂತ. ಬುಡ ಒಂಚೂರು ವಾಲಿದರೂ ತುದಿ ಮೀಟರುಗಟ್ಟಲೆ ಸರಿಯುತ್ತೆ. ಜರ್ಕ್ ಇಲ್ಲ, ನಿಧಾನ. ಕಿಟಕಿ ಇಲ್ಲದ ಕಡೆ ಕಣ್ಣಿಗೆ ಏನೂ ಗೊತ್ತಾಗಲ್ಲ, ಹೊಟ್ಟೆಗೆ ಗೊತ್ತಾಗುತ್ತೆ. ಹುಕ್ಕಿಗೆ ನೇತುಹಾಕಿದ ಟೂಲ್ ಬ್ಯಾಗ್ ಒಂದು ಕಡೆ ಹೋಗಿ, ಯೋಚನೆ ಮಾಡಿ, ವಾಪಸ್ ಬರುತ್ತೆ. ಅದನ್ನೇ ನೋಡ್ತಾ ಕೂತರೆ ಕಥೆ ಮುಗೀತು. ಇನ್ನೊಂದು ವಿಚಿತ್ರ ಹೇಳ್ತೀನಿ. ರೆಕ್ಕೆ ತಿರುಗುವಾಗ ಗಾಳಿಯೇ ಟರ್ಬೈನನ್ನು ಒತ್ತಿ ಹಿಡಿದು ಓಲಾಟ ಕಡಿಮೆ ಮಾಡುತ್ತೆ. ನಾವು ಹೋಗುವಾಗ ಯಂತ್ರ ನಿಲ್ಲಿಸಲೇಬೇಕು. ಅಲೆ ಇದ್ದ ದಿನ ಹಾಗೆ ನಿಲ್ಲಿಸಿದ್ದು ಜಾಸ್ತಿ ಓಲಾಡುತ್ತೆ. ಜೇಬಲ್ಲಿ ಶುಂಠಿ ಮಿಠಾಯಿ ಇಲ್ಲದೆ ನಾನು ಹೋಗಲ್ಲ.

ಎಲ್ಲಾ ಟೂಲಿಗೂ ದಾರ ಕಟ್ಟಿರಬೇಕು. ಆ ಎತ್ತರದಿಂದ ಒಂದು ನಟ್ಟು ಬಿದ್ದರೂ ಕೆಳಗಿದ್ದವನ ತಲೆ ಉಳಿಯಲ್ಲ. ಬೋಲ್ಟ್ ಚೆಕ್ ಮಾಡೋದು ನೋಡೋಕೆ ತೀರಾ ಬೇಜಾರಿನ ಕೆಲಸ. ನನಗೆ ಮಾತ್ರ ಅದೇ ಇಷ್ಟ. ಬೋಲ್ಟ್ ಬಿಗಿ ಮಾಡಿದ ಮೇಲೆ ಪೇಂಟ್ ಪೆನ್ನಿನಲ್ಲಿ ನಟ್ಟಿನಿಂದ ಪಕ್ಕದ ಉಕ್ಕಿನವರೆಗೆ ಒಂದು ಗೆರೆ ಎಳೀತೀವಿ. ಮುಂದಿನ ಸಲ ಬಂದವರು ಟಾರ್ಚ್ ಹಿಡಿದು ಆ ಗೆರೆ ನೋಡುತ್ತಾರೆ. ಗೆರೆ ಕೂಡಿದ್ದರೆ ಸರಿ. ಕೂದಲೆಳೆಯಷ್ಟು ತಪ್ಪಿದ್ದರೂ ನಟ್ಟು ತಿರುಗಿದೆ ಅಂತ ಅರ್ಥ.

ಇಷ್ಟೆಲ್ಲ ಸಣ್ಣ ಕೆಲಸ. ದೊಡ್ಡ ಬೇರಿಂಗೋ ಜನರೇಟರೋ ಹೋದರೆ? ನೆಲಕ್ಕೆ ಊರಿದ ಟರ್ಬೈನ್‌ಗಳಿಗೆ ಜಾಕ್-ಅಪ್ ಹಡಗು ಬರುತ್ತೆ. ಸಮುದ್ರದ ತಳಕ್ಕೆ ಕಾಲು ಊರಿ, ನೀರಿನಿಂದ ಮೇಲೆದ್ದು, ಕದಲದೆ ನಿಂತು ಎತ್ತುತ್ತೆ. ಇಷ್ಟು ಆಳದಲ್ಲಿ ಅದು ಕಾಲು ಊರೋದು ಹೇಗೆ? ತೇಲುವ ಕ್ರೇನ್ ತರೋಣ ಅಂದರೆ ಕ್ರೇನೂ ಓಲಾಡುತ್ತೆ, ಟರ್ಬೈನೂ ಓಲಾಡುತ್ತೆ. ಟನ್‌ಗಟ್ಟಲೆ ತೂಕದ ಭಾಗವನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸಬೇಕು. ಹಾಗಾಗಿ ಕ್ರೇನ್ ಇದ್ದ ಕಡೆಗೆ ಟರ್ಬೈನೇ ಹೋಗುತ್ತೆ.

2024ರ ಬೇಸಿಗೆಯಲ್ಲಿ ಹೈವಿಂಡಿನ ಐದೂ ಟರ್ಬೈನ್‌ಗಳ ಸರಪಳಿ, ಕೇಬಲ್ ಬಿಚ್ಚಿ, ಟಗ್ ಬೋಟ್ ಕಟ್ಟಿ ಉತ್ತರ ಸಮುದ್ರದ ಆಚೆ ನಾರ್ವೆಯ ಗುಲೆನ್‌ಗೆ ಎಳೆದುಕೊಂಡು ಹೋದರು. ಮುಖ್ಯ ಬೇರಿಂಗ್ ಬದಲಾಯಿಸೋಕೆ. ಹತ್ತಿರದ ಸ್ಕಾಟ್ಲೆಂಡ್ ಬಂದರು ಬಿಟ್ಟು ಅಷ್ಟು ದೂರ ಯಾಕೆ ಅಂತೀರಾ? 78 ಮೀಟರ್ ಕಾಲು ಇಳಿಬಿಟ್ಟುಕೊಂಡು ಬರುವ ಅತಿಥಿಗೆ ದಡದ ಹತ್ತಿರವೇ ಅಷ್ಟು ಆಳದ ನೀರು ಬೇಕು. ಅದು ನಾರ್ವೆಯಲ್ಲಿ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕವಲುಗಳಲ್ಲಿ, ಅಂದರೆ ಫಿಯೋರ್ಡ್‌ಗಳಲ್ಲಿದೆ. ಕಿನ್‌ಕಾರ್ಡಿನ್‌ನದು ಬೇರೆ ಥರ. ಮೂರು ಕಂಬದ ಅಗಲವಾದ ತೆಪ್ಪ, ಆಳ ಕಡಿಮೆ ಸಾಕು. 2022ರಲ್ಲಿ ಅಲ್ಲಿಯ ಒಂದು ಟರ್ಬೈನನ್ನು ರಾಟರ್‌ಡ್ಯಾಮ್ ಬಂದರಿಗೇ ಎಳೆದೊಯ್ದಿದ್ದರು. 2024ರಲ್ಲಿ ಅದೇ ಕಿನ್‌ಕಾರ್ಡಿನ್‌ನಲ್ಲಿ, ಟರ್ಬೈನಿನ ಮೇಲೇ ಕೂರಿಸುವ ಕ್ರೇನ್ ಬಳಸಿ, ಸಮುದ್ರದಲ್ಲೇ ಜನರೇಟರ್ ಬದಲಾಯಿಸಿದರು. ಕ್ರೇನೂ ಟರ್ಬೈನೂ ಒಟ್ಟಿಗೇ ಓಲಾಡಿದರೆ ಜಗಳವೇ ಇಲ್ಲ, ಅಲ್ವಾ? ಮುಂದಿನ ದಾರಿ ಇದೇ ಅಂತ ನನ್ನ ಲೆಕ್ಕ. ಪ್ರತಿ ಸಲ ಎಳೆದುಕೊಂಡು ಹೋಗ್ತಾ ಕೂತರೆ ಅಷ್ಟು ದಿನ ಕರೆಂಟೂ ಇಲ್ಲ, ಟಗ್ ಖರ್ಚು ಬೇರೆ.

ವರ್ಷದ ಕೆಲಸವೆಲ್ಲ ಬೇಸಿಗೆಯಲ್ಲೇ ಮುಗಿಸಬೇಕು. ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತೆ, ಗಾಳಿ ಕಡಿಮೆ, ಯಂತ್ರ ನಿಲ್ಲಿಸಿದರೂ ನಷ್ಟ ಕಡಿಮೆ. ಹಾರ್ ಅನ್ನುವ ಸಮುದ್ರದ ಮಂಜು ಬಂದರೆ ಮಾತ್ರ ಅದೂ ಹೋಯ್ತು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಾನೆ.

ಊರ ಕಡೆಯ ಐಟಿಐ, ಡಿಪ್ಲೊಮಾ ಹುಡುಗರು ಆಗಾಗ ಕೇಳ್ತಾರೆ, ನಾವೂ ಬರಬಹುದಾ ಅಂತ. ಭಾರತದಲ್ಲೂ ಈಗ ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಯೋಜನೆಗೆ 2024ರಲ್ಲಿ ಕೇಂದ್ರ ಸರ್ಕಾರ ಹಣ ಒಪ್ಪಿದೆ. ಅಲ್ಲಿ ಆಳ ಕಡಿಮೆ, ತೇಲಿಸಬೇಕಿಲ್ಲ. ಎಲ್ಲಿಗೆ ಹೋದರೂ ಜಿಡಬ್ಲ್ಯುಒ (ಗ್ಲೋಬಲ್ ವಿಂಡ್ ಆರ್ಗನೈಸೇಶನ್) ಅನ್ನುವ ಸಂಸ್ಥೆಯ ಸುರಕ್ಷತಾ ಟ್ರೇನಿಂಗ್ ಬೇಕು. ಎತ್ತರದಲ್ಲಿ ಕೆಲಸ, ಬೆಂಕಿ, ಪ್ರಥಮ ಚಿಕಿತ್ಸೆ, ಭಾರ ಎತ್ತೋದು, ಸಮುದ್ರದಲ್ಲಿ ಜೀವ ಉಳಿಸಿಕೊಳ್ಳೋದು. ಎರಡು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು. ನಾನು ತೋಟದ ಬಾವಿಯಲ್ಲಿ ಈಜು ಕಲಿತವನು, ಆದರೆ ಸರ್ವೈವಲ್ ಸೂಟ್ ಹಾಕಿಕೊಂಡು ಮಗುಚಿದ ರಾಫ್ಟ್ ತಿರುಗಿಸುವಾಗ ಆ ಈಜು ಉಪಯೋಗಕ್ಕೇ ಬರಲಿಲ್ಲ. ಚೆನ್ನೈಯಲ್ಲೂ ಈ ತರಬೇತಿ ಸಿಗುತ್ತೆ. ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಮಲ್ಪೆಯಲ್ಲೋ ಕಾರವಾರದಲ್ಲೋ ಪರಿಚಯದವರ ಮೀನಿನ ಬೋಟ್ ಇದ್ದರೆ ಒಂದು ದಿನ ಪೂರ್ತಿ ಹೋಗಿ ಬನ್ನಿ. ಮಧ್ಯಾಹ್ನದ ಊಟ ಹೊಟ್ಟೆಯಲ್ಲಿ ಉಳಿದರೆ ನನಗೆ ಮೆಸೇಜ್ ಮಾಡಿ.