‘ಫ್ಲೇಕಿ’ ಅಂತ ಸುಮ್ಮನಾಗಿಸಿದ ಟೆಸ್ಟ್

ನಮ್ಮ ಟೀಮಿನಲ್ಲಿ ಆ್ಯಪನ್ನು ತಾವೇ ಓಡಿಸಿ ಪರೀಕ್ಷಿಸುವ ಆಟೋಮೇಷನ್ ಟೆಸ್ಟ್‌ಗಳಿವೆ. ಲಾಗಿನ್ ಟೆಸ್ಟ್ ಫೇಲ್ ಆಗಿ ಬಿದ್ದರೆ ಎಲ್ಲರೂ ಓಡಿ ಬರುತ್ತಾರೆ. ಸ್ಕ್ರೋಲ್ ಟೆಸ್ಟ್ ಬಿದ್ದರೆ ಯಾರೂ ತಲೆ ಎತ್ತುವುದಿಲ್ಲ. "ಓ ಅದಾ? ಅದು ಫ್ಲೇಕಿ, ರೀರನ್ ಕೊಡಿ" ಅಂತಾರೆ, ಅಂದರೆ ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುವ ಟೆಸ್ಟ್, ಮತ್ತೆ ಓಡಿಸಿ ಅಂತ. ನಾನೂ ಹಾಗೇ ಅನ್ನುತ್ತಿದ್ದೆ. ಆ ಟೆಸ್ಟ್ ಬರೆದವನೇ ನಾನು.

ನಮ್ಮ ಆ್ಯಪಿನ ಆರ್ಡರ್ ಹಿಸ್ಟರಿ ಸ್ಕ್ರೀನ್ ಅದು. ಆಂಡ್ರಾಯ್ಡ್, ಲಿಸ್ಟ್ ತೋರಿಸಲು ರಿಸೈಕ್ಲರ್‌ವ್ಯೂ, ಟೆಸ್ಟ್ ಮಾಡಲು ಎಸ್ಪ್ರೆಸೊ. ಕ್ಯಾನ್ಸಲ್ ಆದ ಆರ್ಡರ್‌ಗಳ ಮೇಲೆ ಒಂದು ಕೆಂಪು ಚಿಪ್ (ಚಿಕ್ಕ ಲೇಬಲ್) ತೋರಿಸುವ ಫೀಚರ್ ಆ ರಿಲೀಸಿಗೆ ಹೊಸದಾಗಿ ಬಂದಿತ್ತು. ಟೆಸ್ಟ್ ಮಾಡುತ್ತಿದ್ದುದು ಇಷ್ಟೇ: ಸ್ವೈಪ್ ಮಾಡುತ್ತಾ ಕೆಳಗೆ ಹೋಗುವುದು, ಡೆಲಿವರಿ ಆದ ಒಂದು ಹಳೆ ಆರ್ಡರ್ ಹುಡುಕುವುದು, ಅದರ ಮೇಲೆ ಕೆಂಪು ಚಿಪ್ ಇಲ್ಲ ಅಂತ ನೋಡುವುದು, ಒಳಗೆ ಹೋಗುವುದು. ಒಂದು ರಾತ್ರಿ ಪಾಸ್, ಇನ್ನೊಂದು ರಾತ್ರಿ ಫೇಲ್. ಮಧ್ಯೆ ಯಾರೂ ಕೋಡ್ ಮುಟ್ಟಿರುತ್ತಿರಲಿಲ್ಲ.

ಸ್ಕ್ರೋಲ್ ಟೆಸ್ಟನ್ನು ಅನುಮಾನಿಸಲು ಕಾರಣಗಳು ಬೇಕಾದಷ್ಟಿವೆ ಬಿಡಿ. ಸ್ವೈಪ್ ಮುಗಿದ ಮೇಲೂ ಲಿಸ್ಟ್ ಜಾರುತ್ತಲೇ ಇರುತ್ತದೆ, ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ರೋ (ಲಿಸ್ಟಿನ ಒಂದು ಸಾಲು) ಅರ್ಧ ಕಾಣಿಸುತ್ತಿದ್ದರೆ ಎಸ್ಪ್ರೆಸೊ ಕ್ಲಿಕ್ಕೇ ಮಾಡುವುದಿಲ್ಲ, ಶೇಕಡಾ 90ರಷ್ಟಾದರೂ ಕಾಣಲೇಬೇಕು ಅಂತ ಅದರ ಹಟ. ಎಮ್ಯುಲೇಟರಿನಲ್ಲಿ (ಕಂಪ್ಯೂಟರಿನೊಳಗಿನ ನಕಲಿ ಫೋನ್) ಅನಿಮೇಷನ್ ಆಫ್ ಮಾಡಲು ಯಾರೋ ಮರೆತಿರುತ್ತಾರೆ. ಮುಂದಿನ ಪೇಜ್ ಲೋಡ್ ಆಗುವ ಮೊದಲೇ ಟೆಸ್ಟ್ ಲಿಸ್ಟಿನ ತಳ ಮುಟ್ಟಿರುತ್ತದೆ. ಇಷ್ಟೆಲ್ಲ ಇರುವಾಗ ಟೆಸ್ಟ್ ಹೇಳುತ್ತಿರುವುದು ನಿಜವೇ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ?

ಅಷ್ಟರಲ್ಲಿ ಮ್ಯಾನೇಜ್‌ಮೆಂಟಿಗೆ ಪಾಸ್ ಪರ್ಸೆಂಟಿನ ಗೀಳು ಹತ್ತಿತು. ಫ್ಲೇಕಿ ಟೆಸ್ಟ್‌ಗಳನ್ನೆಲ್ಲ ಸ್ಟೇಬಲ್ ಮಾಡಬೇಕು ಅಂತ ಟಿಕೆಟ್ ಬಂತು. ಮೊದಲು, ಬಿದ್ದರೆ ತಾನೇ ಮತ್ತೆ ಓಡುವ ಹಾಗೆ ರೀಟ್ರೈ ಹಾಕಿದೆ. ಆಮೇಲೆ ಸ್ವೈಪನ್ನೇ ಕಿತ್ತು ಸ್ಕ್ರೋಲ್‌ಟುಪೊಸಿಷನ್ ಹಾಕಿದೆ. ಒಂದೇ ನೆಗೆತ, ನೇರ ಆ ರೋ ಹತ್ತಿರ. ಅಲ್ಲಿಂದಾಚೆ ಟೆಸ್ಟ್ ಬೀಳಲೇ ಇಲ್ಲ. ಸ್ಟ್ಯಾಂಡ್‌ಅಪ್‌ನಲ್ಲಿ ಹೊಗಳಿಕೆಯೂ ಸಿಕ್ಕಿತು, ಇಸ್ಕೊಂಡೆ.

ರೋಲ್‌ಔಟ್ ಶುರುವಾದ ಸಂಜೆಯೇ ಸಪೋರ್ಟ್‌ನವರಿಂದ ಮೆಸೇಜ್ ಮೇಲೆ ಮೆಸೇಜ್. ಕೈಗೆ ಬಂದು ಸೇರಿದ ಆರ್ಡರ್ ಮೇಲೆ ಕ್ಯಾನ್ಸಲ್ ಅಂತ ಯಾಕೆ ತೋರಿಸುತ್ತಿದೆ ಅಂತ ಕೆಲವರು ಕೇಳುತ್ತಿದ್ದರು. ಇನ್ನೂ ಬರಬೇಕಾದ ಆರ್ಡರ್ ಕ್ಯಾನ್ಸಲ್ ಆಗಿದೆ ಅಂದುಕೊಂಡು ಮತ್ತೊಮ್ಮೆ ಆರ್ಡರ್ ಮಾಡಿದವರೂ ಇದ್ದರು. ಎಲ್ಲರನ್ನೂ ಕಾನ್ಫರೆನ್ಸ್ ಕಾಲ್‌ಗೆ ಎಳೆದರು.

"ಈ ಸ್ಕ್ರೀನಿಗೆ ಆಟೋಮೇಷನ್ ಇದೆ ಅಲ್ವಾ?" ಮ್ಯಾನೇಜರ್ ಕೇಳಿದರು.

"ಇದೆ ಸರ್."

"ಪಾಸ್ ಆಗಿತ್ತಾ?"

"ಆಗಿತ್ತು ಸರ್."

"ಒಂದು ಸಲ ರನ್ ಮಾಡಿ ತೋರಿಸಿ."

ಸ್ಕ್ರೀನ್ ಶೇರ್ ಮಾಡಿದೆ. ಬಿಲ್ಡ್ ಆಗುವವರೆಗೆ ಯಾರೂ ಮಾತಾಡಲಿಲ್ಲ. ಪ್ರೋಗ್ರೆಸ್ ಬಾರ್ ಅಷ್ಟು ನಿಧಾನಕ್ಕೆ ಹೋಗಿದ್ದನ್ನು ನಾನು ಕಂಡಿಲ್ಲ. ಟೆಸ್ಟ್ ಓಡಿತು, ಹಸಿರು. ಇನ್ನೊಮ್ಮೆ ಓಡಿಸಿದೆ, ಹಸಿರು. ಜೀವನದಲ್ಲಿ ಮೊದಲ ಸಲ ನನ್ನ ಟೆಸ್ಟ್ ಫೇಲ್ ಆಗಲಿ ಅಂತ ಬೇಡಿಕೊಂಡೆ. "ಹಾಗಾದ್ರೆ ಬ್ಯಾಕೆಂಡ್ ಪ್ರಾಬ್ಲಮ್ ಇರಬೇಕು" ಅಂತ ಬಾಯಿ ಬಿಟ್ಟೆ. ಆ ಮಾತು ಆಡದೇ ಇದ್ದಿದ್ದರೆ ಚೆನ್ನಾಗಿತ್ತು. ಬ್ಯಾಕೆಂಡ್‌ನವರು ತಕ್ಷಣ ಸರ್ವರ್ ಕಳಿಸಿದ ರೆಸ್ಪಾನ್ಸ್ ತೆಗೆದು ತೋರಿಸಿದರು. ಎಲ್ಲ ಸರಿ ಇತ್ತು.

ಆಗ ಆಂಡ್ರಾಯ್ಡ್ ಡೆವ್ ಒಬ್ಬರು ತಮ್ಮ ಫೋನನ್ನೇ ಶೇರ್ ಮಾಡಿ ಹೆಬ್ಬೆರಳಲ್ಲಿ ಲಿಸ್ಟನ್ನು ಮೇಲೆ ಕೆಳಗೆ ಎಳೆದರು. ಕೆಂಪು ಚಿಪ್ ಒಂದು ರೋನಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಮೇಲೆ ಹೋಗಿ ವಾಪಸ್ ಬಂದರೆ ಬೇರೆ ರೋ ಮೇಲೆ ಕೂತಿರುತ್ತಿತ್ತು. ಅವರೇ "ಅಯ್ಯೋ, ಎಲ್ಸ್ ಬಿಟ್ಟುಹೋಗಿದೆ ಕಣ್ರೀ" ಅಂದರು.

ರೋ ಒಳಗೆ ಆರ್ಡರಿನ ವಿವರ ತುಂಬುವ, ಅಂದರೆ ಬೈಂಡ್ ಮಾಡುವ ಕೋಡಿನಲ್ಲಿ ಕ್ಯಾನ್ಸಲ್ ಆಗಿದ್ದರೆ ಚಿಪ್ ತೋರಿಸು ಅಂತ ಇತ್ತು. ಆಗಿಲ್ಲದಿದ್ದರೆ ಅಡಗಿಸು ಅಂತ ಇರಲಿಲ್ಲ. ಪರದೆಯಿಂದಾಚೆ ಹೋದ ರೋವನ್ನೇ ರಿಸೈಕ್ಲರ್‌ವ್ಯೂ ಇನ್ನೊಂದು ಆರ್ಡರಿಗೆ ಬಳಸುತ್ತದೆ. ಒರೆಸದ ಸ್ಲೇಟಿನ ಮೇಲೆ ಬರೆದ ಹಾಗೆ, ಹಳೆ ಚಿಪ್ ಉಳಿದುಬಿಡುತ್ತದೆ. ಐಓಎಸ್ ಕಡೆಯವರು ರೋ ಮರುಬಳಕೆಗೆ ಮುಂಚೆ ಓಡುವ ಪ್ರಿಪೇರ್‌ಫಾರ್‌ರೀಯೂಸ್‌ನಲ್ಲಿ ಚಿಪ್ ತೆಗೆದಿದ್ದರು. ಹಾಗಾಗಿ ಅವರು ಆ ಕಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು ಆರಾಮಾಗಿದ್ದರು.

ನನ್ನ ಟೆಸ್ಟ್ ಯಾಕೆ ಹಿಡಿಯಲಿಲ್ಲ ಅನ್ನುವುದು ಇದಕ್ಕಿಂತ ಸ್ವಾರಸ್ಯದ ವಿಷಯ. ಬೆರಳಲ್ಲಿ ಎಳೆದಾಗ ಮೇಲೆ ಸರಿದ ಸಾಲುಗಳಲ್ಲಿ ಎರಡು ಇದ್ದ ಹಾಗೇ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಉಳಿಯುತ್ತವೆ, ಮಿಕ್ಕವು ಮರುಬಳಕೆಯ ಪೂಲ್‌ಗೆ ಹೋಗಿ ಕೆಳಗಿನಿಂದ ಮತ್ತೆ ಬರುತ್ತವೆ. ಪೂಲ್‌ನಲ್ಲಿ ಒಂದೊಂದು ವ್ಯೂ ಟೈಪಿಗೆ, ಅಂದರೆ ಒಂದೊಂದು ಬಗೆಯ ರೋಗೆ, ಡೀಫಾಲ್ಟ್ ಆಗಿ ಅಂಥ 5 ಹಿಡಿಸುತ್ತವೆ. ಚಿಪ್ ಇರುವ ರೋ ಯಾವಾಗ, ಯಾರ ಪಾಲಿಗೆ ಬರುತ್ತದೆ ಅನ್ನುವುದು ಸ್ವೈಪ್ ಎಲ್ಲಿ ನಿಂತಿತು ಅನ್ನುವುದರ ಮೇಲೆ. ಅದಕ್ಕೇ ಹಳೆ ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್. ಲಿಸ್ಟಿನ ತಲೆಯಿಂದ ಒಂದೇ ಸಲ ದೂರ ನೆಗೆದರೆ ಪೂಲ್ ಇನ್ನೂ ಖಾಲಿ. ಹೋದ ಜಾಗದಲ್ಲಿ ಎಲ್ಲ ಸಾಲುಗಳೂ ಹೊಚ್ಚ ಹೊಸದಾಗಿ ಹುಟ್ಟುತ್ತವೆ. ಅಂದರೆ ಬಗ್ ಕಾಣಲು ಸಾಧ್ಯವೇ ಇಲ್ಲದ ದಾರಿಯನ್ನು ಹುಡುಕಿ ನಾನು ಟೆಸ್ಟಿಗೆ ಕಲಿಸಿದ್ದೆ. ಯಾವ ಬಳಕೆದಾರ ಹಾಗೆ ನೆಗೆಯುತ್ತಾನೆ ಹೇಳಿ?

ಆ ರಾತ್ರಿ ಸಿಐನಲ್ಲಿ, ಅಂದರೆ ಟೆಸ್ಟ್‌ಗಳು ತಾವಾಗಿಯೇ ಓಡುವ ಸರ್ವರಿನಲ್ಲಿ, ಹಳೆ ಫೇಲ್‌ಗಳನ್ನು ತೆಗೆದು ನೋಡಿದೆ. ಸ್ಕ್ರೀನ್‌ಶಾಟ್‌ಗಳು ಅಲ್ಲೇ ಇದ್ದವು. ಡೆಲಿವರ್ಡ್ ಅಂತ ಬರೆದ ರೋ ಮೇಲೆ ಕೆಂಪು ಚಿಪ್, ಚೆನ್ನಾಗಿ ಕಾಣುತ್ತಿತ್ತು. ನಾನು ಯಾವತ್ತೂ ಸ್ಟ್ಯಾಕ್ ಟ್ರೇಸಿನ (ಎರರ್ ವಿವರದ) ಮೊದಲ ಸಾಲು ಓದಿ ಟ್ಯಾಬ್ ಮುಚ್ಚುತ್ತಿದ್ದೆ. ಬೇರೆಲ್ಲ ಮರೆತರೂ ಇದು ಈಗಲೂ ಚುಚ್ಚುತ್ತದೆ.

ಸ್ಕ್ರೋಲ್‌ಟುಪೊಸಿಷನ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಡೀಟೇಲ್ಸ್ ಪೇಜ್ ಟೆಸ್ಟ್ ಮಾಡಲು ಆ ರೋವರೆಗೆ ತಲುಪಬೇಕಷ್ಟೇ ಅಂದರೆ ಈಗಲೂ ಅದನ್ನೇ ಬಳಸುತ್ತೇನೆ. ಲಿಸ್ಟನ್ನೇ ಟೆಸ್ಟ್ ಮಾಡುವಾಗ ಮಾತ್ರ ಚಿಕ್ಕ ಚಿಕ್ಕ ಸ್ವೈಪ್, ಕೆಳಗೆ ಹೋಗಿ ಮತ್ತೆ ಮೇಲೆ ಬರುವುದು, ಕಾಣುವ ಪ್ರತಿ ರೋವನ್ನೂ ಡೇಟಾ ಜೊತೆ ತಾಳೆ ನೋಡುವುದು. ಡೇಟಾದಲ್ಲಿ ಕ್ಯಾನ್ಸಲ್ ಆದವು, ಆಗದವು ಬೆರೆತು ಹಲವು ಪರದೆ ತುಂಬುವಷ್ಟಿರಬೇಕು. ನಿಧಾನ, ನಿಜ. ಸಿಐ ಮಿನಿಟ್ಸ್ ಜಾಸ್ತಿ ಆಯ್ತು ಅಂತ ಬೈಸಿಕೊಂಡೂ ಆಗಿದೆ.

ಆಂಡ್ರಾಯ್ಡಿನ ಹೊಸ ಯುಐ ಟೂಲ್‌ಕಿಟ್ ಕಂಪೋಸ್‌ಗೆ ಹೋದರೆ ಈ ತಲೆನೋವೇ ಇರಲ್ಲ ಅಂತ ಮೇಲಿನವರಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಆದರೆ ಅದರ ಲಿಸ್ಟ್ ಆದ ಲೇಜಿಕಾಲಮ್‌ನಲ್ಲಿ ಗುರುತಿನ ಕೀ ಕೊಡದಿದ್ದರೆ ರೋ ನೆನಪಿಟ್ಟುಕೊಂಡ ಸ್ಟೇಟ್ ಪೊಸಿಷನ್‌ಗೆ ಅಂಟಿಕೊಂಡಿರುತ್ತದೆ. ಮೇಲೊಂದು ಹೊಸ ಆರ್ಡರ್ ಬಂದರೆ ಒಬ್ಬರ ಸ್ಟೇಟ್ ಇನ್ನೊಬ್ಬರ ತಲೆ ಮೇಲೆ. ಹೇಳಿ ನೋಡಿದೆ, "ಅದನ್ನ ಆಮೇಲೆ ನೋಡೋಣ" ಅಂದರು.

ರೀಟ್ರೈ ಪೂರ್ತಿ ತೆಗೆಯಲು ಬಿಡಲಿಲ್ಲ. ಹಾಗಾಗಿ ರೀಟ್ರೈನಿಂದ ಪಾಸ್ ಆದ ಟೆಸ್ಟ್‌ಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಕಾಲಮ್ ಒಂದನ್ನು ಸೇರಿಸಿದೆ. ಮೊದಲ ರಿವ್ಯೂನಲ್ಲೇ ಮ್ಯಾನೇಜರ್ ಕೇಳಿದರು: "ಈ ಹಳದಿಯನ್ನ ಪಾಸ್ ಪರ್ಸೆಂಟ್‌ಗೆ ಸೇರಿಸಬಹುದಲ್ವಾ?"