ಸ್ಕ್ಯಾನ್ ಸರಿಯಾಗಿದೆ, ಮತ್ತೆ ಹೆದರಿಕೆ ಏಕೆ?

ಕಲಬುರಗಿಯ ಅಪ್ಪನ ಕೆರೆಯ ಬಳಿ ಬೆಳಗಿನ ನಡಿಗೆಗೆ ಸಿಗುವ ಹಿರಿಯರೆಲ್ಲ ಕೇಳುವುದು ಇದನ್ನೇ: "ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಎಂದರಲ್ಲ ತಮ್ಮಾ, ಮತ್ತೆ ಯಾಕೆ ಹೆದರುತ್ತೀ?"

ಏಪ್ರಿಲ್‌ನಲ್ಲಿ ಸೇಡಂ ರಸ್ತೆಯಲ್ಲಿ ಸ್ಕೂಟರ್‌ನಿಂದ ಬಿದ್ದೆ. ಹೆಲ್ಮೆಟ್ ಇತ್ತು, ಗಾಡಿಯ ಕನ್ನಡಿಗೆ ನೇತುಹಾಕಿದ್ದೆ! ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವವಿಲ್ಲ, ಬುರುಡೆಗೆ ಬಿರುಕಿಲ್ಲ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನವಾಗಿ ಓಡಾಟ ಎಂದು ಡಾಕ್ಟರು ಮನೆಗೆ ಕಳಿಸಿದರು. ಆದರೆ ತಲೆಗೆ ಪೆಟ್ಟು ಬಿದ್ದು ಅಲುಗಿದ ಮಿದುಳು ಕೆಲವು ವಾರ ಹದ ತಪ್ಪಿ ಕೆಲಸ ಮಾಡುವುದು ಸ್ಕ್ಯಾನ್‌ನಲ್ಲಿ ಮೂಡುವುದಿಲ್ಲ. ತಲೆನೋವು, ತಲೆಸುತ್ತು ಎರಡೂ ನಿಜವೇ. ಅದರ ಮೇಲೆ ನಾನು ಕಟ್ಟಿಕೊಂಡ ಕಥೆಯೇ ಬೇರೆ.

ಒಂದು ರಾತ್ರಿ ಎರಡು ಗಂಟೆಗೆ ಎದ್ದು, ಬಚ್ಚಲಿನ ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿದು ಕಣ್ಣಿನ ಪಾಪೆ ನೋಡಿಕೊಂಡೆ. ಎಡಗಡೆಯದು ತುಸು ದೊಡ್ಡದಾಗಿ ಕಂಡಿತು. ಮೈಯೆಲ್ಲ ಬೆವರು. ಹೆಂಡತಿಯನ್ನು ಎಬ್ಬಿಸಿದೆ. ಅವಳು ಮಾತಾಡದೆ ತನ್ನ ಮೊಬೈಲ್‌ನಲ್ಲಿ ಎರಡು ವರ್ಷ ಹಿಂದಿನ ಫೋಟೊ ತೆಗೆದು ಹಿಗ್ಗಿಸಿ ತೋರಿಸಿದಳು. ಅದೇ ಎಡಗಣ್ಣು, ಅಷ್ಟೇ ದೊಡ್ಡ ಪಾಪೆ. ಐವರಲ್ಲಿ ಒಬ್ಬರಿಗೆ ಯಾವ ರೋಗವೂ ಇಲ್ಲದೆ ಹೀಗಿರುತ್ತದೆ ಎಂದು ಡಾಕ್ಟರು ಮರುದಿನ ಹೇಳಿದರು. ಎಂಥ ನೆಮ್ಮದಿ! ಸಂಜೆಯ ಹೊತ್ತಿಗೆ ಕಿವಿಯೊಳಗಿನ ಗುಂಯ್ ಸದ್ದನ್ನು ಹಿಡಿದುಕೊಂಡು ಕುಳಿತಿದ್ದೆ.

ನೋಡಿಕೊಂಡಷ್ಟೂ ಭಯ ಬೆಳೆಯುತ್ತದೆ ಎಂಬುದು ಆಗ ಹೊಳೆಯಿತು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಡಾಕ್ಟರು ಹೇಳಿದ್ದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ: ಮೇಲಿಂದ ಮೇಲೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು ಮಾತು, ಕೈಕಾಲು ಸೋಲುವುದು, ಮೂಗು ಕಿವಿಯಿಂದ ನೀರಿನಂತೆ ಸೋರುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆ. ಉಳಿದದ್ದೆಲ್ಲ ಸಂಜೆ ಆರರವರೆಗೆ ಕಾಯಬೇಕು. ಆಗ ಹದಿನೈದು ನಿಮಿಷ ನೋಟ್‌ಬುಕ್ ಹಿಡಿದು ಮನಸಾರೆ ಹೆದರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಮಾತ್ರ ನನ್ನ ಈ ಉಪಾಯವನ್ನು ನೆಚ್ಚಿಕೊಳ್ಳಬಾರದು. ಅವರಿಗೆ ವಾರಗಳ ನಂತರವೂ ತಲೆಯೊಳಗೆ ರಕ್ತ ಸೇರಬಹುದು.

ಮೇ ತಿಂಗಳ ನೋಟ್‌ಬುಕ್ ತಿರುವಿದಾಗ ನಗು ಬಂತು. ತಲೆ ಸಿಡಿದ ದಿನಗಳಲ್ಲಿ ಹೆಚ್ಚಿನವು ಮಧ್ಯಾಹ್ನ ಸೂಪರ್ ಮಾರ್ಕೆಟ್‌ಗೆ ಹೋದ ದಿನಗಳು. 42 ಡಿಗ್ರಿ ಬಿಸಿಲಲ್ಲಿ ಮಜ್ಜಿಗೆಯನ್ನೂ ಕುಡಿಯದೆ ತಿರುಗಿದರೆ ಕಲಬುರಗಿಯಲ್ಲಿ ಯಾರ ತಲೆ ನೋಯುವುದಿಲ್ಲ?

ನಿದ್ದೆಯೇ ಬಾರದ ಒಂದು ವಾರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಿದ್ದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಿದರು. ನಾಚಿಕೊಂಡು ತಡಮಾಡಿದ್ದು ನನ್ನ ತಪ್ಪು.

ಈಗ ನಾಲ್ಕು ತಿಂಗಳಾಗಿವೆ. ನಿನ್ನೆ ಆರು ಗಂಟೆಗೆ ನೋಟ್‌ಬುಕ್ ತೆರೆದರೆ, ಬೆಳಿಗ್ಗೆ ಯಾವುದಕ್ಕೆ ಹೆದರಿದ್ದೆ ಎಂಬುದೇ ಮರೆತುಹೋಗಿತ್ತು. ಅಯ್ಯೋ, ನೆನಪಿನ ಶಕ್ತಿ ಹೋಯಿತೇ ಎಂದು ಮತ್ತೆ ಗಾಬರಿಯಾದೆ. ಗೋಡೆಯ ಹಾಳೆ ನೋಡಿದೆ. ಅದರಲ್ಲಿ ಇದು ಇರಲಿಲ್ಲ.