ನರುಗಾಗಿ ಒಂದು ಭಾನುವಾರ

ಬೆಳಗ್ಗೆ ಕಾಫಿ ಕುಡಿದು ಕೂತಿದ್ದು ಒಂದೇ ಕೆಲಸಕ್ಕೆ. ಜಪಾನಿನ ‘ಸೇಲರ್ ಮೂನ್’ ಕಥೆಯ ಮೊದಲ ಭಾಗವನ್ನು ಅದರ ನಾಲ್ಕು ರೂಪಗಳಲ್ಲಿ ಬೆನ್ನುಬೆನ್ನಿಗೆ ನೋಡುವುದು. ಆದರೆ ಕಣ್ಣು ಗುಟ್ಟಾಗಿ ಸೇಲರ್ ಮೂನ್ ಎಂಬ ಹೋರಾಟಗಾರ್ತಿಯಾಗಿ ಬದಲಾಗುವ ನಾಯಕಿ ತ್ಸುಕಿನೊ ಉಸಾಗಿಯ ಮೇಲಲ್ಲ, ಅವಳ ಜೀವದ ಗೆಳತಿ ಒಸಾಕಾ ನರು ಮೇಲೆ. ಮೊದಲು ಮಂಗಾದ (ಮೂಲ ಚಿತ್ರಕಥೆ) ಮೊದಲ ಅಧ್ಯಾಯ, ಆಮೇಲೆ 1992ರ ಆನಿಮೆ (ಕಾರ್ಟೂನ್ ಸರಣಿ), 2003ರ ನಟರಿರುವ ಧಾರಾವಾಹಿ, ಕೊನೆಗೆ 2014ರ ಹೊಸ ಆನಿಮೆ ‘ಕ್ರಿಸ್ಟಲ್’. ಮಧ್ಯಾಹ್ನದ ಊಟದೊಳಗೆ ಮುಗಿಯುವ ಲೆಕ್ಕ ಇದು. ಮುಗಿಯಲಿಲ್ಲ, ಏಕೆಂದರೆ 1992ರ ನರು ಒಂದು ಕಂತಿಗೆ ಬಿಡುವವಳಲ್ಲ.

ನಾಲ್ಕರಲ್ಲೂ ಬುನಾದಿ ಹೆಚ್ಚುಕಮ್ಮಿ ಒಂದೇ. ನರುವಿನ ತಾಯಿಗೆ ಒಡವೆ ವ್ಯಾಪಾರ. ಆ ತಾಯಿಯ ರೂಪ ತಳೆದ ರಾಕ್ಷಸಿಯೊಬ್ಬಳು ಒಡವೆಯ ಮೂಲಕ ಗಿರಾಕಿಗಳ ಚೈತನ್ಯ ಹೀರುತ್ತಾಳೆ. 1992ರ ಕಂತಿನಲ್ಲಿ ಅಂಗಡಿಯ ಅಗ್ಗದ ಮಾರಾಟಕ್ಕೆ ಹೆಂಗಸರು ಮುಗಿಬೀಳುತ್ತಾರೆ. ರಾಕ್ಷಸಿಯ ಕೈ ನರುವಿನ ಕುತ್ತಿಗೆಗೆ ಬೀಳುತ್ತದೆ, ಅವಳ ಕೂಗು ಮನೆಯಲ್ಲಿದ್ದ ಉಸಾಗಿಗೆ ಕೇಳಿಸುತ್ತದೆ. ಅಲ್ಲಿಯವರೆಗೆ ಮಾತಾಡುವ ಬೆಕ್ಕು ಲೂನಾ ಹೇಳಿದ್ದೆಲ್ಲ ಅವಳಿಗೆ ಕನಸಿನ ಹಾಗಿತ್ತು. ಲೋಕ ಉಳಿಸಬೇಕು, ರಾಜಕುಮಾರಿಯನ್ನು ಹುಡುಕಬೇಕು ಅನ್ನುವ ದೊಡ್ಡ ಮಾತಿಗೆ ಹುಡುಗಿ ಅಲುಗಲಿಲ್ಲ, ಗೆಳತಿಯ ಕೂಗಿಗೆ ಓಡಿದಳು. ಸೇಲರ್ ಮೂನ್‌ನ ಮೊಟ್ಟಮೊದಲ ಹೋರಾಟ ನರುಗೋಸ್ಕರ. ಮರುದಿನ ತರಗತಿಯಲ್ಲಿ ನರು ಅದನ್ನೇ ತಾನು ಕಂಡ ಕನಸು ಎಂದು ಹೇಳುತ್ತಾಳೆ, ಉಸಾಗಿ ಪಕ್ಕದಲ್ಲೇ ಇದ್ದಾಳೆ. ಈ ಇಬ್ಬರ ನಡುವಿನ ಗೋಡೆ ಎದ್ದದ್ದು ಅಲ್ಲಿ.

ಮಾತಿನ ಕಡೆಗೂ ಕಿವಿ ಇಡಿ. ನರು ಕರೆಯುವುದು ಬರೀ ‘ಉಸಾಗಿ’ ಎಂದು, ಬಾಲ ಹಚ್ಚದೆ, ನಾವು ‘ಏನೇ’ ಅಂದಷ್ಟು ಸಲೀಸಾಗಿ. ಉಸಾಗಿ ಮಾತ್ರ ‘ಚಾನ್’ ಎಂಬ ಅಕ್ಕರೆಯ ಬಾಲ ಹಚ್ಚಿ ‘ನರು-ಚಾನ್’ ಅನ್ನುತ್ತಾಳೆ. ಇಂಗ್ಲಿಷ್ ಡಬ್ಬಿಂಗ್ ನೋಡಿ ಬೆಳೆದವರಿಗೆ ಇದು ಗೊತ್ತಾಗುವುದೇ ಇಲ್ಲ. 1995ರ ಅಮೆರಿಕನ್ ಡಬ್ಬಿಂಗ್‌ನಲ್ಲಿ ಅವಳು ಮಾಲಿ ಬೇಕರ್, ಅವಳ ಬಾಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಧಾಟಿ. ಆ ಧಾಟಿಯಿಂದಲೇ ಅವಳನ್ನು ನೆನಪಿಟ್ಟುಕೊಂಡವರು ಬಹಳ ಜನ. ಜಪಾನಿ ಮೂಲದಲ್ಲಿ ಕಾಕಿನುಮಾ ಶಿನೊ ಕೊಟ್ಟ ದನಿ ಮೆತ್ತಗಿದೆ, ತುಸು ದೊಡ್ಡವಳ ಜವಾಬ್ದಾರಿ ಇದೆ. ಮೂಲ ದನಿಯಲ್ಲೇ ನೋಡಿ ಅನ್ನುವುದು ನನ್ನ ಕಳಕಳಿಯ ಮಾತು.

ಎಲ್ಲರೂ ಎಡವುವ ಜಾಗ ಒಂದಿದೆ: ಕಂತಿನ ಸಂಖ್ಯೆ. ಮೊದಲ ಸರಣಿಯಲ್ಲಿ ಜಪಾನಿನಲ್ಲಿ ಬಂದದ್ದು 46 ಕಂತು, ಆ ಹಳೆಯ ಡಬ್ಬಿಂಗ್‌ನಲ್ಲಿ ಉಳಿದದ್ದು 40. ನಡುನಡುವೆ ಕಂತುಗಳನ್ನೇ ಕೈಬಿಟ್ಟಿದ್ದಾರೆ. ಹಾಗಾಗಿ ಜಪಾನಿ 24ನೇ ಕಂತು ಅಲ್ಲಿ 20ನೆಯದು. ಯಾರಾದರೂ ‘20 ನೋಡು’ ಅಂದರೆ ಯಾವ ಎಣಿಕೆ ಎಂದು ಮೊದಲು ಕೇಳಿಕೊಳ್ಳಿ. ಇಲ್ಲಿ ನಾನು ಕೊಡುತ್ತಿರುವುದು ಜಪಾನಿ ಎಣಿಕೆ.

ಮಂಗಾ ಓದಿ ಆನಿಮೆಗೆ ಬಂದವರಿಗೆ ನರು ಯಾಕೆ ಇಷ್ಟು ದೊಡ್ಡವಳಾದಳು ಎಂದು ಅನ್ನಿಸುತ್ತದೆ. ಕಾರಣ ಸರಳ. ತಾಕೆವುಚಿ ನವೊಕೊ ಅವರ ಮಂಗಾ ‘ನಕಯೋಶಿ’ ಮಾಸಪತ್ರಿಕೆಯಲ್ಲಿ ತಿಂಗಳಿಗೊಂದು ಅಧ್ಯಾಯ ಬರುತ್ತಿತ್ತು. ಆನಿಮೆ ವಾರಕ್ಕೊಂದು ಕಂತು. ಕಥೆ ಸಾಲದು. ಮಂಗಾದಲ್ಲಿ ಬೇಗ ಮುಗಿದುಹೋಗುವ ನೆಫ್ರೈಟ್ ಎಂಬ ಶತ್ರು ಸೇನಾನಿಯನ್ನು ಆನಿಮೆಯವರು 14ರಿಂದ 24ರವರೆಗೆ ಎಳೆದರು, ಅವನನ್ನು ಪ್ರೀತಿಸುವವಳಾಗಿ ನರುವನ್ನು ನಿಲ್ಲಿಸಿದರು. ಮಂಗಾದಲ್ಲಿ ಈ ಪ್ರೇಮದ ಸುಳಿವೇ ಇಲ್ಲ. ಜಾಗ ತುಂಬಿಸಲು ಹುಟ್ಟಿದ ಕಥೆ ಇಡೀ ಸರಣಿಯ ಹೃದಯವಾಯಿತು ಎಂದೇ ನನ್ನ ನಂಬಿಕೆ.

ನೆಫ್ರೈಟ್ ಸಾಂಜೋಯಿನ್ ಮಸಾತೊ ಎಂಬ ಹೆಸರಿನಲ್ಲಿ ಸಿರಿವಂತನ ವೇಷ ಹಾಕಿ ಬರುತ್ತಾನೆ. ಹದಿನಾಲ್ಕರ ಹುಡುಗಿ ಮನಸೋಲುತ್ತಾಳೆ. ಮುಂದೆ ಅವನು ಯಾರೆಂದು ತಿಳಿದ ಮೇಲೂ ಬಿಡುವುದಿಲ್ಲ. ಸೇಲರ್ ಮೂನ್ ತನ್ನ ಅಸ್ತ್ರವಾದ ಕಿರೀಟ ಎಸೆದಾಗ ಅವನ ಮುಂದೆ ಎರಡೂ ಕೈ ಚಾಚಿ ನಿಂತವಳು ಇದೇ ನರು. ಎಸೆದದ್ದನ್ನು ಉಸಾಗಿ ಅರ್ಧ ದಾರಿಯಲ್ಲಿ ತಡೆಯಬೇಕಾಗುತ್ತದೆ. ಮೊದಲ ಕಂತಿನಲ್ಲಿ ಯಾರನ್ನು ಉಳಿಸಲು ಅದೇ ಕಿರೀಟ ಹಾರಿತ್ತೋ ಅವಳೇ ಈಗ ಅದಕ್ಕೆ ಅಡ್ಡ. ಬೆಳಗ್ಗೆ ಮೊದಲ ಕಂತು ನೋಡಿ ಅದೇ ದಿನ ಇದನ್ನು ನೋಡಿದರೆ ಎದೆ ಚುರ್ ಅನ್ನುತ್ತದೆ.

24ನೇ ಕಂತನ್ನು ಅವಸರದಲ್ಲಿ ನೋಡಬೇಡಿ. ರಾತ್ರಿ, ಉದ್ಯಾನ. ನರು ಮೈಮೇಲಿನ ಮಲಗುವ ಬಟ್ಟೆಯನ್ನು ಹರಿದು ಅವನ ಗಾಯಕ್ಕೆ ಕಟ್ಟುತ್ತಾಳೆ. ಒಟ್ಟಿಗೆ ಚಾಕೊಲೇಟ್ ಪಾರ್ಫೆ (ಐಸ್‌ಕ್ರೀಮಿನ ಸಿಹಿತಿನಿಸು) ತಿನ್ನಲು ಹೋಗುವ ಮಾತು ಬರುತ್ತದೆ, ಅಷ್ಟರಲ್ಲಿ ಅವನ ಮೈಗೆ ಮುಳ್ಳು ನಾಟುತ್ತದೆ. ಅವನ ರಕ್ತ ಹಸಿರು. ಕೀಳಲು ಹೋದವಳ ಕೈಗೆ ಮುಳ್ಳು ಆಘಾತ ಕೊಡುತ್ತದೆ, ಆದರೂ ಅವಳು ಬಿಡುವುದಿಲ್ಲ. ಕೊನೆಗೆ ಅವನ ಮೈ ಬೆಳಕಿನ ಕಣವಾಗಿ ಚದುರಿಹೋಗುತ್ತದೆ.

2003ರ ಧಾರಾವಾಹಿಯ ನರು ಬೇರೆಯೇ ಹುಡುಗಿ. ಪಾತ್ರ ಮಾಡಿದ್ದು ಕವಾಬೆ ಚಿಯೆಕೊ. ಇಲ್ಲಿ ನೆಫ್ರೈಟ್ ಜೊತೆ ಆ ಪ್ರೇಮವಿಲ್ಲ, ಅಸೂಯೆ ಇದೆ. ಉಸಾಗಿಗೆ ಹೊಸದಾಗಿ ಸಿಕ್ಕಿದ ಗೆಳತಿ, ಜೊತೆ ಹೋರಾಟಗಾರ್ತಿ ಅಮಿಯನ್ನು ಕಂಡರೆ ನರುಗೆ ಅಷ್ಟಕ್ಕಷ್ಟೆ. ಅವಳದು ತಪ್ಪೂ ಅಲ್ಲ. ನಿನ್ನೆಯವರೆಗೆ ತನ್ನ ಜೊತೆಗಿದ್ದವಳು ಇವತ್ತು ಕರಾವೋಕೆ ಅಂಗಡಿಯ ಒಂದು ಕೋಣೆಯೊಳಗೆ ಬೇರೆಯವರ ಜೊತೆ ಗುಟ್ಟಾಗಿ ಸೇರಿದರೆ ಯಾರಿಗೆ ನೋವಾಗದು? ಗುಟ್ಟು ಕಾಯುವುದರಿಂದ ಗೆಳೆತನಕ್ಕೆ ಬೀಳುವ ಪೆಟ್ಟನ್ನು ನೇರವಾಗಿ ತೋರಿಸಿದ್ದು ಈ ಧಾರಾವಾಹಿ. 49 ಕಂತುಗಳೂ ನೋಡಲಾಗದಿದ್ದರೆ ಮೊದಲ ಹತ್ತಾದರೂ ನೋಡಿ.

‘ಕ್ರಿಸ್ಟಲ್’ ಬಗ್ಗೆ ಹೇಳಲು ಕಡಿಮೆ. ಅದು ಹೆಚ್ಚುಕಮ್ಮಿ ಮಂಗಾದ ಒಂದು ಅಧ್ಯಾಯಕ್ಕೆ ಒಂದು ಕಂತು ಎಂಬ ಲೆಕ್ಕದಲ್ಲಿ ನಡೆಯಿತು, ತಿಂಗಳಿಗೆ ಎರಡರಂತೆ ಬಂತು. ಮೂಲಕ್ಕೆ ನಿಷ್ಠೆ, ಆದರೆ ನರುಗೆ ಉಳಿದದ್ದು ಮೊದಲ ಕಂತು ಮತ್ತು ಅಲ್ಲಲ್ಲಿ ಒಂದೆರಡು ಮಾತು. ಸಾತೊ ಸಾತೊಮಿ ದನಿ ಚೆನ್ನಾಗಿದೆ, ಮಾತೇ ಸಾಲದು.

ಹಾಗಾಗಿ ರಾತ್ರಿ ಮತ್ತೆ 1992ಕ್ಕೇ ಮರಳಿ 26ನೇ ಕಂತು ಹಾಕಿದ್ದು. ನೆಫ್ರೈಟ್ ಸತ್ತ ಮೇಲೆ ನಗುವನ್ನೇ ಮರೆತ ನರುಗೆ ಉಸಾಗಿ ಸಮಾಧಾನ ಹೇಳುವ ಕಂತು. ಆ ಉದ್ಯಾನದಲ್ಲಿ ಉಸಾಗಿಯೂ ಇದ್ದಳು, ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು, ಅವಳೂ ಅತ್ತಿದ್ದಳು. ಅದನ್ನು ಹೇಳುವಂತಿಲ್ಲ. ಏನೂ ಗೊತ್ತಿಲ್ಲದವಳಂತೆ ಗೆಳತಿಯ ಪಕ್ಕದಲ್ಲಿ ಕೂರುತ್ತಾಳೆ.